ಉಪ್ಪಿನ ಕಲ್ಲುಗಳ ದಿಕ್ಕು

ಧುಪದಾಳ, ೧೧ ಫೆಬ್ರುವರಿ ೧೯೫೮

ಅಳತೆ ಬರೆಯುವ ಪುಸ್ತಕ ಬೇರೆ ಇದೆ. ಅದನ್ನು ಪ್ರೊಫೆಸರು ಓದುತ್ತಾರೆ. ಇದು ಯಾರೂ ಓದದ ಪುಸ್ತಕ. ಕಾಲುನೋವು, ಸಿಟ್ಟು, ಬಡಾಯಿ ಎಲ್ಲ ಇದಕ್ಕೆ.

ಬಡಾಯಿಯಿಂದಲೇ ಶುರು ಮಾಡುತ್ತೇನೆ. ಧಾರವಾಡದ ನಮ್ಮ ಭೂವಿಜ್ಞಾನ ವಿಭಾಗದಲ್ಲಿ ಈ ವರ್ಷ ಸಂಶೋಧನೆಗೆ ಆರಿಸಿದ್ದು ಇಬ್ಬರನ್ನು. ಅವರಲ್ಲಿ ನಾನೊಬ್ಬ. ಕೇದಾರಿ, ಎಂ.ಎಸ್ಸಿ. ಜೂನಿನಲ್ಲಿ ವರದಿ ಕೊಡಬೇಕು. ಅದು ಪ್ರೊಫೆಸರಿಗೆ ಸರಿ ಕಂಡರೆ ಶಿಷ್ಯವೇತನ ಇನ್ನೆರಡು ವರ್ಷ. ಸರಿ ಕಾಣದಿದ್ದರೆ ಯಾವುದಾದರೂ ಕಚೇರಿಯಲ್ಲಿ ಕಾರಕೂನಿಕೆ, ಅದೂ ಸಿಕ್ಕರೆ.

ನನ್ನ ಕೆಲಸ ಈ ಗುಡ್ಡದ ಮರಳುಗಲ್ಲು. ಎಷ್ಟು ಹಳೆಯದೆಂದು ಯಾರೂ ಖಚಿತವಾಗಿ ಹೇಳಲಾರರು, ಕೋಟಿಗಳಲ್ಲಿ ಎಣಿಸಬೇಕು ಎಂಬುದಷ್ಟೇ ಗೊತ್ತು. ಇದು ಒಂದು ಕಾಲಕ್ಕೆ ಸಮುದ್ರದ ದಂಡೆಯ ಮರಳು. ಅಂದಿನ ಅಲೆ ಮರಳಿನ ಮೇಲೆ ಮೂಡಿಸಿದ ಏರಿಳಿತದ ಗೆರೆಗಳು ಹಾಗೆಯೇ ಕಲ್ಲಾಗಿ ನಿಂತಿವೆ. ಸಗಣಿ ಸಾರಿಸಿದ ನೆಲದ ಮೇಲೆ ಅವ್ವನ ಬೆರಳು ಮೂಡಿರುತ್ತವಲ್ಲ, ಹಾಗೆ. ಆ ಗೆರೆ ಯಾವ ದಿಕ್ಕಿಗೆ ಹೋಗುತ್ತದೋ ಸುಮಾರಾಗಿ ಅದೇ ಹಳೆಯ ದಂಡೆಯ ದಿಕ್ಕು. ಸಾಕಷ್ಟು ಕಲ್ಲು ಅಳೆದರೆ ಹೋಗಿಬಿಟ್ಟ ಸಮುದ್ರದ ನಕ್ಷೆ ಬರೆಯಬಹುದು.

ನಾನು ಇನ್ನೂ ಸಮುದ್ರ ನೋಡಿಲ್ಲ. ಇದನ್ನು ಇಲ್ಲಿ ಬಿಟ್ಟರೆ ಎಲ್ಲಿಯೂ ಹೇಳುವುದಿಲ್ಲ.

೧೯ ಫೆಬ್ರುವರಿ

ಗುಡ್ಡದ ಮೇಲೆ ಬಯಲಾದ ಜಾಗ. ಅಲ್ಲಲ್ಲಿ ಗೆರೆಯ ಹಾಸುಗಲ್ಲು, ಮೊಳದಷ್ಟು ಅಗಲದಿಂದ ಹಿಡಿದು ಬಾಗಿಲಷ್ಟು ದೊಡ್ಡದರವರೆಗೆ. ಎಲ್ಲವೂ ಮಣ್ಣಿನಲ್ಲಿ ಅರ್ಧ ಹೂತು, ಸುತ್ತ ಹುಲ್ಲು ಬೆಳೆದು, ನೆಲಕ್ಕೆ ಬೇರುಬಿಟ್ಟ ಹಾಗೆ ಕೂತಿವೆ. ಇಂದು ಒಂಬತ್ತು ಅಳೆದೆ. ಒಂಬತ್ತರ ಗೆರೆಯೂ ಉತ್ತರ-ದಕ್ಷಿಣ. ಹೆಚ್ಚೆಂದರೆ ಐದು ಡಿಗ್ರಿ ವ್ಯತ್ಯಾಸ.

ಮಧ್ಯಾಹ್ನದ ಬುತ್ತಿ ಬಿಚ್ಚುವುದನ್ನೂ ಮರೆತೆ.

೬ ಮಾರ್ಚ್

ನಲವತ್ತೊಂದು ಕಲ್ಲು. ನಲವತ್ತೊಂದೂ ಉತ್ತರ-ದಕ್ಷಿಣ. ಇಷ್ಟು ಶಿಸ್ತಾದ ಸಮುದ್ರವನ್ನು ನಾನು ಪುಸ್ತಕದಲ್ಲಿಯೂ ಓದಿಲ್ಲ. ಪಡುವಣಕ್ಕೆ ನೀರು, ಮೂಡಣಕ್ಕೆ ನೆಲ, ನಡುವೆ ದಾರ ಹಿಡಿದು ಎಳೆದಂಥ ದಂಡೆ. ಇಂದಿನ ಕರಾವಳಿಯ ಹಾಗೆಯೇ. ಪ್ರೊಫೆಸರಿಗೆ ನಾಲ್ಕು ಪುಟದ ಕಾಗದ ಬರೆದು ನಾನೇ ಸ್ಟೇಷನ್ನಿಗೆ ಹೋಗಿ ಟಪಾಲಿಗೆ ಹಾಕಿ ಬಂದೆ. ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದೆನಂತೆ. ನಾನಿರುವ ಕೋಣೆಯ ಮಾಲಕ ಹೇಳಿದ.

೧೭ ಮಾರ್ಚ್

ಪ್ರೊಫೆಸರ ಉತ್ತರ ಬಂತು. "ಬಹಳ ಅಚ್ಚುಕಟ್ಟಾಗಿದೆ. ಇನ್ನೊಮ್ಮೆ ನೋಡಿ." ಅಷ್ಟೇ. ನಾಲ್ಕು ಪುಟಕ್ಕೆ ನಾಲ್ಕು ಮಾತು.

ಜೊತೆಗೆ ಒಂದು ಉಪದ್ವ್ಯಾಪ. ಜಗತ್ತಿನ ವಿಜ್ಞಾನಿಗಳೆಲ್ಲ ಕೂಡಿ ಭೂಮಿಯನ್ನೂ ಆಕಾಶವನ್ನೂ ಅಳೆಯುತ್ತಿರುವ ವರ್ಷ ಇದು, ಆದ್ದರಿಂದ ನಮ್ಮ ಸಂಶೋಧಕರೆಲ್ಲ ತಾವಿರುವ ಊರಿನಲ್ಲಿ ಜನರಿಗೆ ಒಂದು ಉಪನ್ಯಾಸ ಕೊಡಬೇಕಂತೆ. ನನ್ನದು ಜೂನ್ ೮ಕ್ಕೆ. ಅವರೂ ಬರುತ್ತಾರಂತೆ. ಕುರಿ ಕಾಯುವವರಿಗೂ ಕಬ್ಬು ಕಡಿಯುವವರಿಗೂ ನಾನು ಅಲೆಗೆರೆಯ ಶಾಸ್ತ್ರ ಹೇಳಬೇಕು. ಅವರು ಆಕಳಿಸುತ್ತಾರೆ, ನಾನು ಬೆವರುತ್ತೇನೆ. ಯಾರಿಗೆ ಲಾಭವೋ ತಿಳಿಯದು.

೨ ಏಪ್ರಿಲ್

ಯಮಕನಮರಡಿಯಿಂದ ಅವ್ವನ ಕಾಗದ. ಸಾಲಿ ಮಾಸ್ತರ ಕೈಯಲ್ಲಿ ಬರೆಸಿದ್ದಾಳೆ. ಧುಪದಾಳಕ್ಕೆ ಬಂದು ಎರಡು ತಿಂಗಳಾಯಿತಂತಲ್ಲ, ಮೋಟಾರಿನಲ್ಲಿ ಒಂದು ಹೊತ್ತಿನ ದಾರಿ, ಮುಖ ತೋರಿಸಿ ಹೋಗಬಾರದೇ ಎಂದು. ಹೋಗುತ್ತೇನೆ, ಆದರೆ ಕೆಲಸ ಮುಗಿಯಲಿ. ಕೆಳಗಿನ ಓಣಿಗೆ ಬರಿಗೈಯಲ್ಲಿ ಹೋಗಲು ಮನಸ್ಸಿಲ್ಲ. ಹೋದರೆ ಡಾಕ್ಟರಾಗಿಯೇ ಹೋಗಬೇಕು.

ಇಲ್ಲಿ ಯಾರಿಗೂ ನನ್ನ ಊರು ಹೇಳಿಲ್ಲ. ಕೇಳಿದರೆ ಧಾರವಾಡ ಎನ್ನುತ್ತೇನೆ. ಸುಳ್ಳೇನಲ್ಲ, ಆರು ವರ್ಷ ಅಲ್ಲಿಯೇ ಇದ್ದೇನೆ.

೨೪ ಏಪ್ರಿಲ್

ಗುಡ್ಡದ ಮೇಲೆ ಗದ್ದಲ. ಕುರಿಯವರು ಬಂದಿದ್ದಾರೆ. ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತ ಮೂಡಲಗಿ ಕಡೆ ಹೋಗಿದ್ದವರು ಈಗ ಹಟ್ಟಿಗೆ ಮರಳಿದರಂತೆ. ಗಂಡ ಕರೆಪ್ಪ, ಅರವತ್ತರ ಸುಮಾರು, ಬೇಸಿಗೆಯಲ್ಲಿಯೂ ಹೆಗಲ ಮೇಲೆ ಕಂಬಳಿ. ಹೆಂಡತಿ ಕೆಂಪವ್ವ. ಇನ್ನೂರರ ಮೇಲೆ ಕುರಿ. ಅಳೆದ ಕಲ್ಲುಗಳ ಮೇಲೆ ನಾನು ಹಾಕಿದ ಸುಣ್ಣದ ಗುರುತುಗಳನ್ನು ಕುರಿಗಳು ಒರೆಸಿ ಹಾಕುತ್ತವೆಂದು ಹೆದರಿ ಓಡಿ ಹೋದೆ. ಕರೆಪ್ಪ ನನ್ನ ದಿಕ್ಸೂಚಿಯನ್ನು ನೋಡುತ್ತ ನಿಂತ.

"ಏನ್ರಿ ಸಾಹೇಬ್ರ, ರಸ್ತೆ ಮಾಡವ್ರ ಏನು?"

"ಅಲ್ಲ. ಕಲ್ಲು ಅಳೆಯಾಕತ್ತೇನಿ."

"ಕಲ್ಲ ಏನ ಬೆಳಿಯೂದಿಲ್ಲಲ್ರಿ, ಅಳಿಯಾಕ."

ಕೆಂಪವ್ವ ಹಿತ್ತಾಳೆಯ ತಂಬಿಗೆಯಲ್ಲಿ ಮಜ್ಜಿಗೆ ಕೊಟ್ಟಳು. ಯಾವೂರು, ಯಾರ ಪೈಕಿ ಎಂದು ಕೇಳಿದಳು. ಧಾರವಾಡ ಎಂದು ತಂಬಿಗೆ ಎತ್ತಿದೆ. ಕುಡಿಯುವಾಗ ಮಾತಾಡಬೇಕಿಲ್ಲ, ಅದೊಂದು ಅನುಕೂಲ.

೩೦ ಏಪ್ರಿಲ್

ದಿನವೂ ಮಜ್ಜಿಗೆ. ಬೇಡವೆಂದರೆ ಕೆಂಪವ್ವ ಬೈಯುತ್ತಾಳೆ. ಇಂದು, ಮೇಲಿನದನ್ನೆಲ್ಲ ಬಲ್ಲವನು ಇವನು ಎಂದುಕೊಂಡು, ರಶಿಯಾದವರು ಆಕಾಶಕ್ಕೆ ಬಿಟ್ಟ ನಾಯಿಯ ಸುದ್ದಿ ಕೇಳಿದಳು. ಫಾಲ್ಸಿನ, ಎಂದರೆ ಇಲ್ಲಿಯ ಜಲಪಾತದ ಹತ್ತಿರದ, ನೂಲಿನ ಗಿರಣಿಗೆ ಹೋಗುವವರು ಯಾರೋ ಹೇಳಿದ್ದರಂತೆ.

"ಖರೇನ್ರಿ? ನಾಯಿನ ಮ್ಯಾಲ ಕಳಿಸ್ಯಾರ?"

"ಖರೆ."

"ಮತ್ತ ಅದಕ್ಕ ನೀರ ಯಾರ ಹಾಕತಿದ್ರು?"

ವಾಪಸು ಬರುವ ಏರ್ಪಾಡೇ ಇರಲಿಲ್ಲ, ನಾಯಿ ಅಲ್ಲಿಯೇ ಸತ್ತಿತು ಎಂದೆ. ಅವಳು ಹಟ್ಟಿಯ ನಾಯಿಯನ್ನು ಕರೆದು ರೊಟ್ಟಿ ಹಾಕಿದಳು. ಆ ಉಪಗ್ರಹದ ತೂಕ, ವೇಗ, ಎತ್ತರ ಎಲ್ಲ ನನಗೆ ಬಾಯಿಪಾಠ. ಈ ಪ್ರಶ್ನೆ ಮಾತ್ರ ನನಗೆ ಹೊಳೆದಿರಲಿಲ್ಲ.

೯ ಮೇ

ಇದನ್ನು ನಿಧಾನವಾಗಿ ಬರೆಯಬೇಕು.

ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಎದ್ದಿತು. ಮಳೆಗಾಲದ ಮುಂದಿನ ಗಾಳಿ, ಟೊಪ್ಪಿಗೆ ನಿಲ್ಲುವುದಿಲ್ಲ. ಕರೆಪ್ಪ ಚೀಲದಿಂದ ಉಪ್ಪು ತೆಗೆದು ನನ್ನ ಹದಿನೇಳನೆಯ ಕಲ್ಲಿನ ಮೇಲೆ ಚೆಲ್ಲಿದ. ಉಪ್ಪು ಗೆರೆಗಳ ನಡುವೆ ಕೂತಿತು. ಅಷ್ಟು ಗಾಳಿಯಲ್ಲಿ ಒಂದು ಹರಳೂ ಹಾರಲಿಲ್ಲ. ಕುರಿಗಳು ಕಲ್ಲಿನ ಎರಡೂ ಬದಿಗೆ ಸಾಲಾಗಿ ನಿಂತು ಗೆರೆಯಲ್ಲಿಯೇ ನಾಲಿಗೆ ಓಡಿಸಿ ನೆಕ್ಕತೊಡಗಿದವು.

"ಚಲೋ ಜಾಗಾದಾಗ ಐತಿ ಈ ಕಲ್ಲು," ಎಂದೆ. ಏನಾದರೂ ಮಾತಾಡಬೇಕಲ್ಲ ಎಂದು.

"ಜಾಗಾ ಎಲ್ಲೀದ್ರಿ, ನಮ್ಮ ಮುತ್ಯಾ ಹೊತ್ತ ತಂದ ಇಟ್ಟದ್ದು. ಈ ಮ್ಯಾಲಿನ ಗೆರಿಕಲ್ಲ ಎಲ್ಲಾ ನಮ್ಮವ್ರ ಇಟ್ಟಾವ. ಉಪ್ಪಿನ ಕಲ್ಲ ಅಂತೀವಿ. ಗೆರಿ ಗಾಳಿಗೆ ಅಡ್ಡ ಇರಬೇಕ್ರಿ. ಉದ್ದಕ್ಕ ಇಟ್ರ ಉಪ್ಪೆಲ್ಲಾ ಹಾರಿ ಹೋಕ್ಕೈತಿ."

ಗಾಳಿ ಪಡುವಣದಿಂದ. ಅದಕ್ಕೆ ಅಡ್ಡ ಎಂದರೆ ಉತ್ತರ-ದಕ್ಷಿಣ.

ನಲವತ್ತೊಂದು ಕಲ್ಲು. ನಾನು ಅಳೆದದ್ದು ಸಮುದ್ರವನ್ನಲ್ಲ, ಇವರ ಅಜ್ಜನ ಜಾಣತನವನ್ನು.

೧೦ ಮೇ

ಗುಡ್ಡ ಹತ್ತಲಿಲ್ಲ. ಅಳತೆಯ ಪುಸ್ತಕ ತೆರೆಯಲಿಲ್ಲ.

೧೨ ಮೇ

ಗಿರಣಿಯ ಬೆಳಗಿನ ಭೋಂಗಾ ಫಾಲ್ಸಿನ ಕಡೆಯಿಂದ ಕೂಗುವ ಮೊದಲೇ ಗುಡ್ಡ ಹತ್ತಿ ಹದಿನೇಳನೆಯ ಕಲ್ಲನ್ನು ಹಾರೆಯಿಂದ ಎಬ್ಬಿಸಿದೆ. ಕೆಳಗೆ ಬಂಡೆ ಇಲ್ಲ. ಮಣ್ಣು, ಕಲ್ಲು ಅಲುಗದಂತೆ ಕೊಟ್ಟ ಸಣ್ಣ ಚಕ್ಕೆಗಳು, ಒಂದು ತುಂಡು ಹಸಿರು ಬಳೆ. ಇನ್ನೊಂದನ್ನು ಎಬ್ಬಿಸಿದೆ, ಅದೂ ಹಾಗೆಯೇ. ಮೂರನೆಯದನ್ನು ಎಬ್ಬಿಸಲಿಲ್ಲ.

ಮೊದಲನೆಯ ವರ್ಷದ ಹುಡುಗರಿಗೂ ಕಲಿಸುವ ಪಾಠ ಇದು. ಕಲ್ಲು ನೆಲಕ್ಕೆ ಅಂಟಿದೆಯೋ ಇಲ್ಲವೋ ಮೊದಲು ನೋಡು, ಆಮೇಲೆ ಅಳೆ. ನಾನು ನೋಡಲಿಲ್ಲ, ಯಾಕೆಂದರೆ ಉತ್ತರ ಚೆನ್ನಾಗಿತ್ತು.

ಇನ್ನೊಂದು ಮಾತು. ಇದು ಯಾರಿಗೂ ಗೊತ್ತಾಗುವುದಿಲ್ಲ. ಪ್ರೊಫೆಸರು ಬಂದರೆ ಹುಲ್ಲು ಬೆಳೆದ ಕಲ್ಲು ನೋಡುತ್ತಾರೆ, ದಿಕ್ಸೂಚಿ ಇಡುತ್ತಾರೆ, ಬೆನ್ನು ತಟ್ಟುತ್ತಾರೆ. ಅವರು ಹಾರೆ ಹಿಡಿದು ಬರುವುದಿಲ್ಲ. ಬೇರೆಯವನು ತಪ್ಪಿದರೆ, ಹುಡುಗ ಅವಸರ ಮಾಡಿದ ಎನ್ನುತ್ತಾರೆ. ನಾನು ತಪ್ಪಿದರೆ, ಕೆಳಗಿನ ಓಣಿಯವರಿಗೆ ಸೀಟು ಕೊಟ್ಟರೆ ಹೀಗೆಯೇ ಎನ್ನುತ್ತಾರೆ. ನನ್ನ ಹಿಂದೆ ಬರುವವನಿಗೂ ಬಾಗಿಲು ಹಾಕಿಕೊಳ್ಳುತ್ತದೆ. ಇದನ್ನು ಯಾರಿಗೆ ಹೇಳಲಿ?

೧೩ ಮೇ

ಎಬ್ಬಿಸಿದ ಕಲ್ಲುಗಳನ್ನು ಕರೆಪ್ಪ ನೋಡಿದ. ಬೈಯುತ್ತಾನೆಂದು ನಿಂತಿದ್ದೆ. ಅವನು ಕಲ್ಲಿನ ಅಡಿ ಸವರಿ, "ಇದು ಬಡಗಣ ಮೆಟ್ಟಿನದು," ಎಂದ.

"ಹೆಂಗ ಗೊತ್ತು?"

"ಕೆಂಪ ಎಳಿ ಐತಲ್ರಿ ನಡುವ. ಬಡಗಣ ಮೆಟ್ಟಿಗಷ್ಟ ಐತಿ ಅದು. ಬರ್ರಿ, ತೋರಸತೇನಿ. ಬೂಟ ತೆಗೀರಿ, ಜಾರತಾವ."

ನದಿಯ ಕಡೆಗೆ ಗುಡ್ಡ ಕಡಿದು ಇಳಿಯುತ್ತದೆ. ಕುರಿ ನಿಲ್ಲಲಾರದ ಜಾಗ, ನಾನೂ ಮೂರು ತಿಂಗಳಲ್ಲಿ ಇಳಿದಿರಲಿಲ್ಲ. ಅಲ್ಲಿ ಬಂಡೆ ಮೆಟ್ಟಿಲು ಮೆಟ್ಟಿಲಾಗಿದೆ. ಪ್ರತಿ ಮೆಟ್ಟಿನ ಮೈತುಂಬ ಅಲೆಗೆರೆ. ಇವು ಹುಟ್ಟಿದಲ್ಲಿಯೇ ಇರುವ ಗೆರೆಗಳು. ನಡುನಡುವೆ ಹಾಸುಗಲ್ಲು ಎಬ್ಬಿಸಿ ತೆಗೆದ ಚೌಕ ಗುಳಿಗಳು. ಅರವತ್ತು ವರ್ಷದ ಮನುಷ್ಯ ಬರಿಗಾಲಲ್ಲಿ ಮೆಟ್ಟಿನಿಂದ ಮೆಟ್ಟಿಗೆ ಇಳಿಯುತ್ತ ಹೇಳುತ್ತ ಹೋದ. ಇಲ್ಲಿಂದ ದೊಡ್ಡ ಕಲ್ಲು ತೆಗೆದದ್ದು, ನಾಲ್ಕು ಮಂದಿ ಹೊತ್ತದ್ದು. ಇದು ಅಪ್ಪ ತೆಗೆದದ್ದು. ಇದು ಅವನ ಲಗ್ನದ ವರ್ಷ ಅವನೇ ತೆಗೆದದ್ದು.

ಓದು ಬರಹ ಇಲ್ಲ. ಆದರೆ ಒಂದು ಕಲ್ಲಿನ ತುಂಡು ಯಾವ ಪದರದ್ದೆಂದು ಬಣ್ಣದ ಎಳೆ ನೋಡಿ ಹೇಳುವುದನ್ನು ನಮಗೆ ಎಂ.ಎಸ್ಸಿ.ಯಲ್ಲಿ ಕಲಿಸಿದರು, ನಾನು ಅದರಲ್ಲಿ ನೂರಕ್ಕೆ ಐವತ್ತೆರಡು ತೆಗೆದಿದ್ದೆ.

೨೧ ಮೇ

ಎಂಟು ದಿನದಿಂದ ಬೆಳಗು ಬೈಗು ಮೆಟ್ಟುಗಳಲ್ಲಿ. ನಾವು ಹೀಗೆ ಮಾಡುತ್ತೇವೆ. ನಾನು ಮೇಲಿನ ಕಲ್ಲಿನ ಅಂಚನ್ನು ಹಳೆ ಪತ್ರಿಕೆಯ ಮೇಲೆ ಬರೆದು ಕತ್ತರಿಸಿ ತರುತ್ತೇನೆ. ಕರೆಪ್ಪಕಾಕಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಗುಳಿ ತೋರಿಸುತ್ತಾರೆ. ಕಾಗದವನ್ನು ಗುಳಿಯಲ್ಲಿ ಇಟ್ಟರೆ ಕೂಡುತ್ತದೆ, ಆ ಕಲ್ಲಿನ ಗೆರೆ ಮೊದಲು ಯಾವ ದಿಕ್ಕಿಗಿತ್ತೆಂದು ತಿಳಿಯುತ್ತದೆ. ಇದುವರೆಗೆ ಹತ್ತೊಂಬತ್ತು ಕಲ್ಲಿನ ಮನೆ ಸಿಕ್ಕಿತು. ಒಂದು ಕೂಡಲಿಲ್ಲ. ಕಾಕಾಗೆ ಅದು ಬಹಳ ಮನಸ್ಸಿಗೆ ಹತ್ತಿತು, ಊಟ ಬಿಟ್ಟು ಹುಡುಕಿ ಸಂಜೆಗೆ ಸರಿಯಾದ ಗುಳಿ ತೋರಿಸಿದರು.

ಹುಟ್ಟಿದ ಜಾಗದಲ್ಲಿ ಗೆರೆಗಳು ಉತ್ತರ-ದಕ್ಷಿಣ ಇಲ್ಲ. ಕೆಳಗಿನ ಮೆಟ್ಟುಗಳಲ್ಲಿ ವಾಯವ್ಯದಿಂದ ಆಗ್ನೇಯಕ್ಕೆ. ಮೇಲೆ ಬಂದಂತೆ ತಿರುಗುತ್ತ ಹೋಗಿ ಸುಮಾರು ಮೂಡಣ-ಪಡುವಣ. ಎಂದರೆ ದಂಡೆ ನಿಂತಲ್ಲಿ ನಿಂತಿರಲಿಲ್ಲ. ಸಮುದ್ರ ಸರಿಯುತ್ತಿತ್ತು. ನನ್ನ ದಾರ ಎಳೆದಂಥ ಸಮುದ್ರ ಹೋಯಿತು, ಅದಕ್ಕಿಂತ ಖರೆಯಾದ ಸಮುದ್ರ ಸಿಕ್ಕಿತು.

ಕಾಕಾಗೆ ಇದನ್ನೆಲ್ಲ ಹೇಳಿದೆ. ಅಲೆ ಎಬ್ಬಿಸುವುದು ಗಾಳಿ, ಆದ್ದರಿಂದ ಅಲೆ ಮೂಡಿಸಿದ ಗೆರೆಯೂ ಬಹಳ ಸಲ ಗಾಳಿಗೆ ಅಡ್ಡವೇ ಇರುತ್ತದೆ ಎಂದೂ ಹೇಳಿದೆ. ಅವರು ಗೆರೆಯ ಮೇಲೆ ಕೈ ಆಡಿಸಿದರು.

"ಹಂಗಾರ ಸಮುದ್ರಕ್ಕೂ ಗೊತ್ತಿತ್ತು ಅನ್ರಿ," ಎಂದರು.

೨೩ ಮೇ

ಪ್ರೊಫೆಸರಿಗೆ ಕಾಗದ ಬರೆಯಲು ಕೂತೆ. ಮೂರು ಸಲ ಹರಿದೆ. ಒಂದರಲ್ಲಿ ಉಪ್ಪಿನ ಕಲ್ಲಿನ ಮಾತೇ ಇಲ್ಲ, ಹೊಸ ಮೆಟ್ಟು ಸಿಕ್ಕಿತು ಎಂದಷ್ಟೇ. ಎರಡನೆಯದರಲ್ಲಿ ತಪ್ಪು ನಾನೇ ಜಾಣತನದಿಂದ ಕಂಡುಹಿಡಿದೆ ಎಂಬ ಹಾಗೆ. ಮೂರನೆಯದನ್ನು ಓದಲೇ ಇಲ್ಲ.

ಸಂಜೆ ಹಟ್ಟಿಗೆ ಹೋದೆ. ಏನು ಬಂತೋ, ಕೂತವನೇ ಹೇಳಿಬಿಟ್ಟೆ. ನಾನು ಧಾರವಾಡದವನಲ್ಲ, ಯಮಕನಮರಡಿ ಕೆಳಗಿನ ಓಣಿಯ ಉದ್ದವ್ವನ ಮಗ, ಅವ್ವ ಹೊಲದ ಕೂಲಿಗೆ ಹೋಗುತ್ತಾಳೆ, ಹೋದ ವರ್ಷ ನಮ್ಮ ಓಣಿಯವರೆಲ್ಲ ಬುದ್ಧನ ದಾರಿ ಹಿಡಿದಿದ್ದೇವೆ ಎಂದು.

ಕೆಂಪವ್ವ ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಿದರು. ಕಾಕಾ ನೆಲ ನೋಡಿದರು. ಎದ್ದುಬಿಡಬೇಕೆಂದಿದ್ದೆ.

"ಮೊದಲ ಹೇಳಬೇಕಿತ್ತು," ಎಂದರು ಕೆಂಪವ್ವ, ನನ್ನ ಕಡೆ ನೋಡದೆ.

"ಹೇಳಿದ್ರ ಮಜ್ಜಿಗಿ ಕೊಡತಿದ್ರೇನು?"

ಅವರು ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ತಮ್ಮಾ," ಎಂದರು.

೨೪ ಮೇ

ಹೋಗಬಾರದೆಂದುಕೊಂಡೇ ಹೋದೆ. ಅದೇ ಹಿತ್ತಾಳೆಯ ತಂಬಿಗೆ, ಅದೇ ಜಾಗದಲ್ಲಿ ಇಟ್ಟಿತ್ತು. ಕುಡಿದೆ. ಕೆಂಪವ್ವ ತಂಬಿಗೆ ತೊಳೆಯಲು ಎತ್ತಿಕೊಂಡು, "ಅವ್ವನ ನೋಡಾಕ ಯಾಕ ಹೋಗಿಲ್ಲ?" ಎಂದು ಗದರಿದರು.

ಕೋಣೆಗೆ ಬಂದು ಪ್ರೊಫೆಸರಿಗೆ ಕಾಗದ ಬರೆದೆ. ಒಂದೇ ಪುಟ. ನಲವತ್ತೊಂದು ಅಳತೆ ತಪ್ಪು. ಅವು ಉಪ್ಪಿನ ಕಲ್ಲುಗಳು. ತಪ್ಪು ತಿಳಿದದ್ದು ಕರೆಪ್ಪನವರಿಂದ, ಸರಿ ತೋರಿಸಿದ್ದೂ ಅವರೇ. ಹೊಸ ಅಳತೆಗಳು ಇವು. ಶಿಷ್ಯವೇತನದ ವಿಚಾರ ತಮಗೆ ಬಿಟ್ಟದ್ದು. ಟಪಾಲಿಗೆ ಹಾಕಿ, ಅಲ್ಲಿಯೇ ನಿಂತಿದ್ದ ಯಮಕನಮರಡಿ ಕಡೆಯ ಮೋಟಾರು ಹತ್ತಿದೆ.

೨೬ ಮೇ

ಅವ್ವ ಸಣ್ಣಗಾಗಿದ್ದಾಳೆ. ನಾನು ಡಾಕ್ಟರಾಗಿ ಬರಲಿಲ್ಲವೆಂದು ಅವಳಿಗೆ ಗೊತ್ತೇ ಆಗಲಿಲ್ಲ.

೩ ಜೂನ್

ಪ್ರೊಫೆಸರಿಂದ ಉತ್ತರವಿಲ್ಲ. ದಿನಕ್ಕೆ ಎರಡು ಸಲ ಟಪಾಲು ಕಚೇರಿ. ಟಪಾಲಿನವನು ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುತ್ತಾನೆ. ಉಪನ್ಯಾಸಕ್ಕೆ ಬರೆದದ್ದನ್ನೆಲ್ಲ ಹರಿದುಹಾಕಿದೆ. ಶಾಲೆಯಲ್ಲಿ ಬೇಡ, ಗುಡ್ಡದ ಮೇಲೆಯೇ ಇಡೋಣ ಎಂದು ಕಾಕಾ ಹೇಳಿದರು.

೮ ಜೂನ್

ಸಂಜೆ ನಾಲ್ಕಕ್ಕೆ ಉಪನ್ಯಾಸ. ಧುಪದಾಳದ ಅರ್ಧ ಊರು, ಫಾಲ್ಸಿನಿಂದ ರಜೆಯ ಗಿರಣಿಯವರು, ಯಮಕನಮರಡಿಯಿಂದ ಅವ್ವ. ಅವಳು ಎಲ್ಲರ ಹಿಂದೆ ಕೂತಿದ್ದಳು. ಕೆಂಪವ್ವ ಹೋಗಿ ಕೈ ಹಿಡಿದು ಮುಂದೆ ತಂದು ಕಂಬಳಿಯ ಮೇಲೆ ಕೂರಿಸಿದರು. ಕೆಲವರು ಸರಿದು ಕೂತರು. ಕೆಂಪವ್ವ ಸರಿಯಲಿಲ್ಲ.

ಪ್ರೊಫೆಸರು ಬಂದರು. ನನ್ನ ಹತ್ತಿರ ನಿಲ್ಲಲಿಲ್ಲ. ನೇರವಾಗಿ ಕಾಕಾರ ಜೊತೆ ನದಿಯ ಕಡೆಗೆ ಇಳಿದು ಹೋದರು, ಬೂಟು ಕೈಯಲ್ಲಿ ಹಿಡಿದು. ಮುಕ್ಕಾಲು ತಾಸಿನ ಮೇಲೆ ಬಂದರು, ಧೋತರದ ಅಂಚೆಲ್ಲ ಮಣ್ಣು.

ನಾನು ನನ್ನ ತಪ್ಪಿನಿಂದಲೇ ಮಾತು ಶುರು ಮಾಡಿದೆ. ಜನ ನಕ್ಕರು. ಆಮೇಲೆ, ನಾವು ಮತ್ತೆ ಅದರ ಜಾಗದಲ್ಲಿ ಕೂರಿಸಿದ್ದ ಹದಿನೇಳನೆಯ ಕಲ್ಲಿನ ಮೇಲೆ ಕಾಕಾ ಉಪ್ಪು ಚೆಲ್ಲಿದರು, ಗಾಳಿ ಬೀಸಿತು, ಉಪ್ಪು ಕೂತೇ ಇತ್ತು. ಯಾರೂ ಆಕಳಿಸಲಿಲ್ಲ. ಇಲ್ಲಿ ಸಮುದ್ರವಿತ್ತು ಎಂದಾಗ ಒಬ್ಬ ಮುದುಕ, "ಹಂಗಾರ ಉಪ್ಪು ಇಲ್ಲೀದ ಏನ್ರಿ?" ಎಂದು ಕೇಳಿದ. ಅರ್ಧ ತಾಸು ಅದೇ ಚರ್ಚೆ ನಡೆಯಿತು. ಇಷ್ಟು ಸಂತೋಷ ನನಗೆ ಯಾವ ಪರೀಕ್ಷೆಯಲ್ಲಿಯೂ ಆಗಿಲ್ಲ. ಅವ್ವ ಕಲ್ಲಿನ ಮೇಲೆ ಬೆರಳೆಳೆದು, "ನಾ ನೆಲಾ ಸಾರಿಸಿದಂಗ ಐತಿ," ಎಂದು ಕೆಂಪವ್ವನಿಗೆ ಹೇಳುವುದು ಕೇಳಿಸಿತು.

ಮುಗಿದ ಮೇಲೆ ಪ್ರೊಫೆಸರು ನನ್ನನ್ನು ಕರೆದರು. "ಮಾರ್ಚಿನಲ್ಲಿಯೇ ನನಗೆ ಸಂಶಯವಿತ್ತು. ಅಷ್ಟು ಅಚ್ಚುಕಟ್ಟಾದದ್ದು ಮನುಷ್ಯರ ಕೆಲಸ. ಇನ್ನೊಮ್ಮೆ ನೋಡಿ ಎಂದು ಬರೆದಿದ್ದೆನಲ್ಲ. ನೀವು ನೋಡಲಿಲ್ಲ. ಅದು ತಪ್ಪು." ಧೋತರದ ಅಂಚಿನ ಮಣ್ಣು ಕೊಡವಿದರು. "ಆದರೆ ಕಾಗದ ಬರೆದಿರಿ. ಇನ್ನೆರಡು ವರ್ಷಕ್ಕೆ ಸಹಿ ಹಾಕಿ ಬಂದಿದ್ದೇನೆ. ಪ್ರಬಂಧದ ಮೊದಲ ಅಧ್ಯಾಯ ಈ ಉಪ್ಪಿನ ಕಲ್ಲು. ತೋರಿಸಿದವರ ಹೆಸರು ಮೊದಲ ಪುಟದಲ್ಲಿ ಬರಲಿ."

ಹೂಂ ಎಂದೆ.

ಹೊರಡುವಾಗ ಪ್ರೊಫೆಸರು ಕಾಕಾರನ್ನು ಒಂದು ಕಲ್ಲು ಕೇಳಿದರು. ವಿಭಾಗದ ಅಂಗಳದಲ್ಲಿ ಇಡುತ್ತೇವೆ, ಹೊಸ ಹುಡುಗರು ಕಲಿಯಲಿ ಎಂದು. ಕಾಕಾ ಯೋಚಿಸಿ, ತಮ್ಮ ಲಗ್ನದ ವರ್ಷ ತೆಗೆದ ಕಲ್ಲನ್ನು ತೋರಿಸಿದರು. ಒಯ್ಯಿರಿ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ತಮ್ಮಾ, ನಿಮ್ಮ ಅಂಗಳದಾಗ ಮಳಿಗಾಲದ ಗಾಳಿ ಯಾವ ಕಡಿಯಿಂದ ಬರತೈತಿ?"

ಪ್ರೊಫೆಸರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಆರು ವರ್ಷ ಆ ಅಂಗಳದಲ್ಲಿ ನಿಂತಿದ್ದೇನೆ, ಅವರು ಇನ್ನೂ ಹೆಚ್ಚು.

"ಗೊತ್ತಿಲ್ಲ ಕಾಕಾ," ಎಂದೆ. "ಹೋಗಿ ನಿಂತು ನೋಡತೇನಿ. ನೋಡಿದ ಮ್ಯಾಲನ ಇಡತೇನಿ."